ರಿಂಗ್ ಟಾರ್ಚ್: ಹಳೆಯದು, ಹೊಸದು ಮತ್ತು ಒಂದು ಅಡಿಕೆ ತೋಟ

ಹೊಳಲ್ಕೆರೆ ಸುತ್ತಿನ ತೋಟಗಳಲ್ಲಿ ಪಂಪ್‌ಸೆಟ್ ರಿಪೇರಿ ನನ್ನ ಕಸುಬು. ತ್ರೀಫೇಸ್ ಕರೆಂಟು ರಾತ್ರಿ ಪಾಳಿಗೆ ಬಿದ್ದ ವಾರ ನನಗೂ ರಾತ್ರಿಯೇ ಕರೆ ಬರುತ್ತದೆ. ಬದುವಿನ ಮೇಲೆ ನಡೆಯುವಾಗ ದೂರ ಹೋಗುವ ಬೆಳಕು ಬೇಕು. ಸ್ಟಾರ್ಟರ್ ಪೆಟ್ಟಿಗೆಯ ಬಾಗಿಲು ತೆರೆದ ಕೂಡಲೇ ಕಣ್ಣು ಕುಕ್ಕದ ಮಂದ ಬೆಳಕು ಬೇಕು. ಗುಂಡಿಯನ್ನು ನಾಲ್ಕು ಸಲ ಒತ್ತಿ ಬೆಳಕಿನ ಹಂತ ಹುಡುಕುವ ಟಾರ್ಚ್ ಇದಕ್ಕೆ ಒಗ್ಗುವುದಿಲ್ಲ. ಅದಕ್ಕೇ ನಾನು ವರ್ಷಗಳಿಂದ ಬಳಸುವುದು ಕುತ್ತಿಗೆಯಲ್ಲಿ ತಿರುಗುವ ರಿಂಗ್ ಇರುವ ಗಿಡ್ಡ ಟಾರ್ಚ್. ಕಳೆದ ಮಳೆಗಾಲದಲ್ಲಿ ಅದರದೇ ಹೊಸ ಆವೃತ್ತಿ ಕೊಂಡೆ. ಎರಡನ್ನೂ ಒಂದೇ ಜೇಬಿನಲ್ಲಿಟ್ಟುಕೊಂಡು ತಿಂಗಳುಗಟ್ಟಲೆ ಓಡಾಡಿದ್ದೇನೆ.

ರಿಂಗಿನ ಒಳಗೆ ಒಂದು ಪುಟ್ಟ ಆಯಸ್ಕಾಂತವಿದೆ. ಅದು ಎಲ್ಲಿದೆ ಎಂಬುದನ್ನು ಟಾರ್ಚಿನೊಳಗಿನ ಹಾಲ್ ಸೆನ್ಸರ್, ಅಂದರೆ ಆಯಸ್ಕಾಂತದ ಸೆಳೆತ ಅಳೆಯುವ ಪುಟ್ಟ ಬಿಡಿಭಾಗ, ಗ್ರಹಿಸಿ, ಎಲ್‌ಇಡಿ ಎಷ್ಟು ಬೆಳಗಬೇಕೆಂದು ಚಿಪ್‌ಗೆ ತಿಳಿಸುತ್ತದೆ. ರಿಂಗಿಗಾಗಿ ಮೈಯಲ್ಲಿ ತೂತು ಕೊರೆದಿಲ್ಲವಾದ್ದರಿಂದ ಅಲ್ಲಿಂದ ನೀರು ಒಳಗಿಳಿಯುವ ಮಾತೇ ಇಲ್ಲ. ಒಂದೇ ತೊಂದರೆ, ನಮ್ಮ ಶೆಡ್ಡಿನ ಕಬ್ಬಿಣದ ಪುಡಿಯೆಲ್ಲ ರಿಂಗಿನ ಸಂದಿಗೆ ಬಂದು ಕೂರುತ್ತದೆ. ಅಂಟು ಟೇಪ್ ಒತ್ತಿ ಎಬ್ಬಿಸಿದರೆ ಬರುತ್ತದೆ.

ಹಳೆಯದರಲ್ಲಿ 16340 ಸೆಲ್, ಎಕ್ಸ್‌ಎಂ-ಎಲ್ ಎಲ್‌ಇಡಿ. ಹೊಸದರಲ್ಲಿ 18350 ಸೆಲ್, ಎಕ್ಸ್‌ಪಿ-ಎಲ್ ಹೆಚ್‌ಐ. ಸೆಲ್ಲಿನ ದಪ್ಪ 16 ಮಿಲಿಮೀಟರಿನಿಂದ 18ಕ್ಕೆ ಏರಿದೆ, ಉದ್ದ ಹೆಚ್ಚುಕಡಿಮೆ ಅಷ್ಟೇ. ಈ ಹೆಚ್‌ಐ ಎಲ್‌ಇಡಿಯ ನೆತ್ತಿಯ ಮೇಲೆ ಗುಮ್ಮಟದಂಥ ಹೊದಿಕೆ ಇರುವುದಿಲ್ಲ. ಹಾಗಾಗಿ ಬೆಳಕು ಅಗಲವಾಗಿ ಚೆಲ್ಲದೆ ಬಿಗಿಯಾಗಿ ಮುಂದಕ್ಕೆ ಹೋಗುತ್ತದೆ.

ಎಷ್ಟು ಮುಂದಕ್ಕೆ? ಶೆಡ್ಡಿನ ಸುಣ್ಣದ ಗೋಡೆಯಿಂದ ಐದು ಮೀಟರ್ ಅಳೆದು, ಗೋಡೆಗೆ ಮೊಬೈಲ್ ಒರಗಿಸಿ ಲಕ್ಸ್, ಅಂದರೆ ಅಲ್ಲಿಗೆ ಬೀಳುವ ಬೆಳಕಿನ ಅಳತೆ, ನೋಡಿದೆ. ಹಳೆಯದು 210, ಹೊಸದು 430. ದೂರದ ವರ್ಗದಿಂದ, ಅಂದರೆ 25ರಿಂದ, ಗುಣಿಸಿದರೆ 5,250 ಮತ್ತು 10,750 ಕ್ಯಾಂಡೆಲಾ, ಇದು ಬೆಳಕಿನ ಬಿರುಸಿನ ಅಳತೆ. ಮೊಬೈಲಿನ ಅಳತೆ ಪ್ರಯೋಗಾಲಯದ್ದಲ್ಲ, ಆದರೆ ಎರಡನ್ನು ಹೋಲಿಸಲು ಸಾಕು. ಎರಡು ಪಟ್ಟು ಎಂದು ಹಿಗ್ಗಿ ಅದೇ ರಾತ್ರಿ ತೋಟಕ್ಕೆ ಹೋದೆ. ಒಂಬತ್ತು ಅಡಿಗೊಂದರಂತೆ ನೆಟ್ಟ ಅಡಿಕೆ ಸಾಲಿಗಿಂತ ಒಳ್ಳೆಯ ಅಳತೆಪಟ್ಟಿ ಇನ್ನೆಲ್ಲಿದೆ! ಹಳೆಯದರ ಬೆಳಕಿನಲ್ಲಿ 15ನೆಯ ಮರದ ಗೆಣ್ಣುಗಳು ಸ್ಪಷ್ಟವಾಗಿ ಕಂಡವು, ಹೊಸದರಲ್ಲಿ 21ನೆಯ ಮರದವು. ಬೆಳಕಿನ ಬಿರುಸು ಎರಡು ಪಟ್ಟಾದರೂ ದೂರ ಒಂದೂವರೆ ಪಟ್ಟೂ ಆಗಲಿಲ್ಲ. ಲೆಕ್ಕವೇ ಹಾಗಿದೆ, ದೂರ ಇಮ್ಮಡಿಸಬೇಕಾದರೆ ಬಿರುಸು ನಾಲ್ಕು ಪಟ್ಟಾಗಬೇಕು. ಪೆಟ್ಟಿಗೆಯ ಮೇಲಿನ ದೊಡ್ಡ ಅಂಕಿ ನೋಡಿ ಕೊಳ್ಳುವವರು ಇದನ್ನು ನೆನಪಿಡಬೇಕು. ಹೊಸದನ್ನು ಪೂರ್ತಿ ಏರಿಸಿ ಹಿಡಿದರೆ ಎರಡು ನಿಮಿಷದಲ್ಲಿ ಕೈ ಸುಡುತ್ತದೆ, ಆಮೇಲೆ ತಾನೇ ಬೆಳಕು ಇಳಿಸಿಕೊಳ್ಳುತ್ತದೆ.

ನನಗೆ ರಿಂಗಿನ ಮೊದಲ ಕಾಲು ಸುತ್ತು ದೂರಕ್ಕಿಂತ ಮುಖ್ಯ. ಮೋಟಾರಿನ ತಿರುಗದ ಹೊರಭಾಗವಾದ ಸ್ಟೇಟರ್ ಒಳಗೆ ಇಣುಕಿ, ತಂತಿ ಕೂರಿಸುವ ಸ್ಲಾಟಿನಲ್ಲಿ ಸುಟ್ಟ ತಂತಿ ಹುಡುಕುವಾಗ ಬೆಳಕು ತುಸು ಹೆಚ್ಚಾದರೂ ವಾರ್ನಿಷ್ ಹೊಳೆದು ಏನೂ ಕಾಣುವುದಿಲ್ಲ. ಹಳೆಯದರ ರಿಂಗ್ ಅರ್ಧಕ್ಕಿಂತ ಹೆಚ್ಚು ತಿರುವನ್ನು ಮಂದ ಬೆಳಕಿಗೇ ಬಿಟ್ಟುಕೊಟ್ಟಿದೆ. ಕೂದಲೆಳೆಯಷ್ಟು ಏರಿಸಬಹುದು, ಇಳಿಸಬಹುದು. ಹೊಸದು ಕಾಲು ಸುತ್ತು ದಾಟುತ್ತಲೇ ಜಿಗಿಯುತ್ತದೆ. ಇದನ್ನು ಮಾಡಿದವರು ರಿಂಗಿನ ಸುಖವನ್ನೇ ಮರೆತರಲ್ಲ ಎಂದು ನನಗೆ ನಿಜವಾಗಿಯೂ ನೋವಾಯಿತು.

ಆದರೂ ರಾತ್ರಿ ಕೆಲಸಕ್ಕೆ ಹಳೆಯದನ್ನು ಬಿಟ್ಟೆ. ಒಂದು ತೆರೆದ ಬಾವಿಯ ಮೇಲಿನ ಪಂಪು ಓಡುತ್ತಿತ್ತು, ಮಂದ ಬೆಳಕಿಗಿಟ್ಟ ಹಳೆಯ ಟಾರ್ಚ್ ನನ್ನ ಸಹಾಯಕ ಹುಡುಗನ ಕೈಯಲ್ಲಿತ್ತು. “ಅಣ್ಣಾ, ಮೋಟಾರ್ ಓಡುತ್ತಿದೆ, ಪಂಪಿಗೆ ಜೋಡಿಸುವ ಕಪ್ಲಿಂಗ್ ಮಾತ್ರ ನಿಧಾನಕ್ಕೆ ತಿರುಗುತ್ತಿದೆ. ಅದರ ರಬ್ಬರ್ ಬುಷ್ ಹರಿದಿರಬೇಕು” ಎನ್ನುತ್ತ ಅವನು ಕೈ ಚಾಚಿದ. ನಾನು ಅವನ ತೋಳು ಹಿಡಿದೆಳೆದೆ. ನಿಮಿಷಕ್ಕೆ 1,440 ಸುತ್ತಿನ ಮೋಟಾರ್ ಅದು, ಸೆಕೆಂಡಿಗೆ 24 ಸುತ್ತು. ಹಳೆಯ ಟಾರ್ಚ್ ಬೆಳಕು ತಗ್ಗಿಸುವುದು ಕರೆಂಟು ಕಡಿಮೆ ಮಾಡಿ ಅಲ್ಲ, ಸೆಕೆಂಡಿಗೆ ನೂರಾರು ಸಲ ಆರಿ ಹತ್ತಿ. ನಮ್ಮ ಕಣ್ಣಿಗೆ ಅದು ತಿಳಿಯುವುದಿಲ್ಲ, ಆದರೆ ತಿರುಗುವ ವಸ್ತು ಆ ಲಯಕ್ಕೆ ಸಿಕ್ಕರೆ ನಿಂತಂತೆಯೋ ನಿಧಾನವಾದಂತೆಯೋ ಕಾಣುತ್ತದೆ. ಮರುದಿನ ಕತ್ತಲೆ ಕೋಣೆಯಲ್ಲಿ ಟೇಬಲ್ ಫ್ಯಾನಿನ ಮೇಲೆ ಎರಡನ್ನೂ ಹಿಡಿದೆ. ಹಳೆಯದರಲ್ಲಿ ರೆಕ್ಕೆಗಳು ತುಂಡು ತುಂಡಾಗಿ ಕಂಡವು. ಹೊಸದರಲ್ಲಿ ಎಷ್ಟು ಮಂದ ಮಾಡಿದರೂ ಒಂದೇ ಸಮನೆ ಮಸುಕು. ನೀವೂ ನಿಮ್ಮ ಟಾರ್ಚನ್ನು ಹೀಗೆ ನೋಡಿ, ಎರಡು ನಿಮಿಷದ ಕೆಲಸ.

ಇನ್ನೊಂದು ವಿಷಯ. ರಿಂಗ್ ಸೊನ್ನೆಯಲ್ಲಿದ್ದರೂ ಒಳಗಿನ ಚಿಪ್ ಎಚ್ಚರವಾಗಿಯೇ ಇರುತ್ತದೆ. ಹಿಂದಿನ ಮುಚ್ಚಳ ಬಿಚ್ಚಿ, ಸೆಲ್ಲಿನ ತಳಕ್ಕೂ ಟಾರ್ಚಿನ ಅಂಚಿಗೂ ಮೀಟರ್ ಕಡ್ಡಿ ತಾಗಿಸಿ ನೋಡಿದೆ. ಹಳೆಯದು 2 ಮಿಲಿಆಂಪಿಯರ್ ಎಳೆಯುತ್ತಿತ್ತು. 650 ಎಂಎಎಚ್ ಸೆಲ್ ಎರಡು ವಾರದೊಳಗೆ ಖಾಲಿ. ಹೊಸದು 0.1 ಮಾತ್ರ. ಆದರೂ ಚೀಲಕ್ಕೆ ಹಾಕುವ ಮುನ್ನ ಎರಡಕ್ಕೂ ಬಾಲದ ಸ್ವಿಚ್ ಆರಿಸುತ್ತೇನೆ.

ಈಗ ಹೊಸದು ಜೇಬಿನಲ್ಲಿದೆ. ಹಳೆಯದು ರೀವೈಂಡಿಂಗ್ ಮೇಜಿನ ಮೇಲಿದೆ, ಸ್ಲಾಟ್ ನೋಡಲು ಮಾತ್ರ. ಅದರ ಬಾಲಕ್ಕೆ ಕೆಂಪು ಟೇಪ್ ಸುತ್ತಿದ್ದೇನೆ. ಓಡುವ ಮೋಟಾರಿನ ಹತ್ತಿರ ಅದನ್ನು ಒಯ್ಯಬಾರದೆಂದು ಹುಡುಗನಿಗೆ ಗೊತ್ತು.