583101: ಬಳ್ಳಾರಿಯ ಪಿನ್‌ಕೋಡನ್ನು ಕೈಲೆಕ್ಕದಲ್ಲಿ ಒಡೆದ ಬಗೆ

ಹತ್ತನೇ ತರಗತಿಗೆ ಅವಿಭಾಜ್ಯ ಅಪವರ್ತನಗಳ ಪಾಠ ಮಾಡುವಾಗ ಪುಸ್ತಕದ ಲೆಕ್ಕಗಳು ಬಹುಮಟ್ಟಿಗೆ 2, 3, 5ರಲ್ಲೇ ಮುಗಿದುಹೋಗುತ್ತವೆ ಎಂಬ ಅತೃಪ್ತಿ ನನಗಿತ್ತು. ಆದ್ದರಿಂದ ಬಳ್ಳಾರಿಯ ಪಿನ್‌ಕೋಡ್ 583101 ಅನ್ನು ಬರಿಯ ಪೂರ್ಣಸಂಖ್ಯೆಯೆಂದು ಭಾವಿಸಿ, ಕ್ಯಾಲ್ಕುಲೇಟರ್ ಮುಟ್ಟದೆ ಅದರ ಗುಣಗಳನ್ನು ವಿಂಗಡಿಸಿದೆ. 1972ರಲ್ಲಿ ಟಪಾಲು ವಿಂಗಡಣೆಗೆಂದು ಬಂದ ಈ ಅಂಕಿಗಳನ್ನು ಹೀಗೆ ಭಾಗಿಸುವುದಕ್ಕೆ ಅಂಚೆ ಇಲಾಖೆಯ ಆಕ್ಷೇಪವೇನೂ ಇರಲಾರದು.

ಅಂಕಿಗಳ ಮೊತ್ತ 18 ಆಗಿರುವುದರಿಂದ ಸಂಖ್ಯೆ 9ರಿಂದ ಭಾಗವಾಗಿ 64789 ಉಳಿಯುತ್ತದೆ. ಇದರ ಅಂಕಿಗಳ ಮೊತ್ತ 34, ಆದ್ದರಿಂದ 3ರ ಕೆಲಸ ಅಲ್ಲಿಗೆ ಮುಗಿಯಿತು. 7, 11, 13ಕ್ಕೆ ಪ್ರತ್ಯೇಕ ಭಾಗಾಕಾರ ಬೇಕಿಲ್ಲ. ಇವುಗಳ ಗುಣಲಬ್ಧ 1001 ಆಗಿರುವುದರಿಂದ, ಆರಂಕಿಯ ಸಂಖ್ಯೆಯನ್ನು ಮೂರು ಮೂರು ಅಂಕಿಗಳಾಗಿ ಕತ್ತರಿಸಿ, ಒಂದರಿಂದ ಇನ್ನೊಂದನ್ನು ಕಳೆದು, ಉಳಿದದ್ದನ್ನು ಪರೀಕ್ಷಿಸಿದರೆ ಸಾಕು. 583ರಿಂದ 101 ಕಳೆದರೆ 482, ಅಂದರೆ 2×241. ಮೂರೂ ಒಂದೇ ಏಟಿಗೆ ಹೊರಬಿದ್ದವು.

ಮುಂದಿನದು ತಾಳ್ಮೆಯ ಕೆಲಸ. 255ರ ವರ್ಗ 65025 ಆಗುವುದರಿಂದ, 64789ಕ್ಕೆ 251ರವರೆಗಿನ ಅವಿಭಾಜ್ಯಗಳನ್ನು ಹಾಕಿ ನೋಡಬೇಕಾಗಬಹುದಿತ್ತು. 17ಕ್ಕೆ ಶೇಷ 2, 29ಕ್ಕೆ 3, 37ಕ್ಕೆ ಮತ್ತೆ 2 ಎಂದು ಆಸೆ ತೋರಿಸುತ್ತಲೇ ಹೋದ ಸಂಖ್ಯೆ, ಕೊನೆಗೆ 67ಕ್ಕೆ ನಿಶ್ಶೇಷವಾಗಿ ಭಾಗವಾಗಿ 967 ಕೊಟ್ಟಿತು. 967 ಅನ್ನು 31ರವರೆಗಿನ ಯಾವ ಅವಿಭಾಜ್ಯವೂ ಭಾಗಿಸುವುದಿಲ್ಲ. ಹೀಗೆ 583101 = 3²×67×967.

ಫ್ರೆಂಚ್ ಗಣಿತಜ್ಞ ಫರ್ಮಾ ತೋರಿಸಿದ ದಾರಿ ಇನ್ನೂ ಚೆನ್ನಾಗಿದೆ: ಸಂಖ್ಯೆಯನ್ನು ಎರಡು ವರ್ಗಗಳ ವ್ಯತ್ಯಾಸವಾಗಿ ಬರೆದರೆ, ವರ್ಗಮೂಲಗಳ ಮೊತ್ತ ಮತ್ತು ವ್ಯತ್ಯಾಸಗಳೇ ಅದರ ಅಪವರ್ತನಗಳು. 764ರಿಂದ ಮೇಲಕ್ಕೆ ಒಂದೊಂದೇ ಸಂಖ್ಯೆಯ ವರ್ಗದಿಂದ 583101 ಕಳೆಯುತ್ತ ಹೋದರೆ, 785ರ ವರ್ಗ 616225ಕ್ಕೆ ಬಂದಾಗ ಉಳಿಯುವ 33124 ತಾನೇ 182ರ ವರ್ಗ. 785 ಮತ್ತು 182 ಕೂಡಿದರೆ 967, ಕಳೆದರೆ 603. 603 ಎಂದರೆ 9×67.

ಅಪವರ್ತನಗಳು ಕೈಗೆ ಸಿಕ್ಕ ಮೇಲೆ ವರ್ಗೀಕರಣ ಸಲೀಸು. ಭಾಜಕಗಳು 3×2×2, ಅಂದರೆ 12; ಅವುಗಳ ಮೊತ್ತ 13×68×968 = 855712. ಇದರಲ್ಲಿ ಸಂಖ್ಯೆಯನ್ನೇ ಕಳೆದರೆ ಉಳಿಯುವ 272611, ಮೂಲಸಂಖ್ಯೆಯ ಅರ್ಧಕ್ಕೂ ಕಡಿಮೆ. ಹೀಗೆ ಉಳಿದದ್ದು ಸಂಖ್ಯೆಗೇ ಸಮವಾದರೆ ಪರಿಪೂರ್ಣ ಸಂಖ್ಯೆ, ಕಡಿಮೆಯಾದರೆ ಕೊರತೆಯ ಸಂಖ್ಯೆ; ಆದ್ದರಿಂದ ಇದು ಕೊರತೆಯ ಸಂಖ್ಯೆ. 4ರಿಂದ ಭಾಗಿಸಿದಾಗ ಶೇಷ 1 ಬರುವುದನ್ನು ಕಂಡು ಎರಡು ವರ್ಗಗಳ ಮೊತ್ತವಾಗಿ ಬರೆಯಬಹುದೆಂದು ಅನ್ನಿಸುವುದು ಸಹಜ, ಆದರೆ 67 ಮತ್ತು 967 ಎರಡೂ 4ಕ್ಕೆ ಶೇಷ 3 ಕೊಡುವ ಅವಿಭಾಜ್ಯಗಳಾಗಿ, ಒಂದೊಂದೇ ಸಲ ಬಂದಿರುವುದರಿಂದ ಅದು ಸಾಧ್ಯವಿಲ್ಲ. ಗಣಿತಜ್ಞ ಕಾಪ್ರೇಕರ್ ಹೆಸರಿಸಿದ ಹರ್ಷದ ಸಂಖ್ಯೆಯೂ, ಅಂದರೆ ತನ್ನ ಅಂಕಿಗಳ ಮೊತ್ತದಿಂದಲೇ ಭಾಗವಾಗುವ ಸಂಖ್ಯೆಯೂ, ಇದಲ್ಲ. ಬೆಸ ಸಂಖ್ಯೆಯನ್ನು 18 ಹೇಗೆ ಭಾಗಿಸೀತು?

ಕೊಪ್ಪಳದ 583231 ಇದಕ್ಕಿಂತ ಉದಾರಿ. ಒಂದು ಬಿಟ್ಟು ಒಂದು ಅಂಕಿಗಳನ್ನು ಕೂಡಿದರೆ ಎರಡೂ ಕಡೆ 11 ಬರುತ್ತದೆ, 11ರಿಂದ ಭಾಗವೂ ಆಗುತ್ತದೆ: 11×37×1433. ರಾಯಚೂರಿನ 584101ರಲ್ಲಿ 584ರಿಂದ 101 ಕಳೆದ 483, 7ರ ಅಪವರ್ತ್ಯ; ಅದನ್ನು ತೆಗೆದರೆ ಉಳಿಯುವುದು 83443. ಇದು ಅವಿಭಾಜ್ಯವೆಂದು ಖಚಿತಪಡಿಸಲು 283ರವರೆಗಿನ ಅವಿಭಾಜ್ಯಗಳನ್ನೆಲ್ಲ ಹಾಕಿ ನೋಡದೆ ಗತ್ಯಂತರವಿಲ್ಲ. ಒಬ್ಬರೇ ಕುಳಿತರೆ ಬೇಸರ ತರಿಸುವ ಈ ಭಾಗಾಕಾರವನ್ನು ಬೆಂಚಿಗೆ ನಾಲ್ಕು ಭಾಜಕಗಳಂತೆ ತರಗತಿಗೆ ಹಂಚಿಬಿಡುವುದೇ ಮೇಲು.