ಸ್ಕೂಬಾಕ್ಕ ಹೊಂಟೀರೇನು? ಮೊದ್ಲ ಸ್ವಂತದ್ದೊಂದು ಮಾಸ್ಕ್ ತಗೋರಿ

ನಾನು ಈಸು ಕಲ್ತಿದ್ದು ಗದಗ ಕಡೆ ನಮ್ಮಜ್ಜನ ಹೊಲದ ಬಾವ್ಯಾಗ, ಬೆನ್ನಿಗೆ ಸೋರೆ ಬುರುಡಿ ಕಟಗೊಂಡು. ಈಗ ಹುಬ್ಬಳ್ಳ್ಯಾಗ ಇರ್ತೀನಿ, ಮುರ್ಡೇಶ್ವರಕ್ಕ ಹೋಗಿ ನೇತ್ರಾಣಿ ನಡುಗಡ್ಡಿ ಹತ್ರ ಸ್ಕೂಬಾ, ಅಂದ್ರ ಗಾಳಿ ಸಿಲಿಂಡರ್ ಬೆನ್ನಿಗೆ ಕಟಗೊಂಡು ಸಮುದ್ರದಾಗ ಮುಣಗೂದು, ಮಾಡಾಕ ಹತ್ತಿ ಮೂರು ಸೀಸನ್ ಆತು. ಏನೇನ್ ಸಾಮಾನ ತಗೋಬೇಕು ಅಂತ ಗೆಳೆಯಾರು ಕೇಳ್ತಿರ್ತಾರ. ಸಿಲಿಂಡರ್, ಬಾಯಿಗೆ ಗಾಳಿ ಕೊಡೋ ರೆಗ್ಯುಲೇಟರ್, ತೇಲೂದು ಮುಣಗೂದು ಹದ ಮಾಡೋ ಬಿಸಿಡಿ ಜಾಕೆಟ್, ಮೈ ಬೆಚ್ಚಗಿಡೋ ವೆಟ್‌ಸೂಟ್ ಎಲ್ಲಾ ಅಲ್ಲೇ ಬಾಡಗಿಗೆ ಕೊಡ್ತಾರ್ರಿ, ಮೊದ್ಲಿಗೇ ಅದಕ್ಕೆಲ್ಲಾ ರೊಕ್ಕ ಹಾಕಬ್ಯಾಡ್ರಿ, ಕಣ್ಣು, ಮೂಗು ಮುಚ್ಚೋ ಗಾಜಿನ ಮಾಸ್ಕ್ ಒಂದು ಮಾತ್ರ ನಿಮ್ದ ಇರ್ಲಿ.

ಯಾಕ ಅಂದ್ರ, ನನ್ನ ಮೊದಲ್ನೇ ಡೈವಿಗೆ ಚಷ್ಮಾ ಬೋಟ್‌ನ್ಯಾಗ ಬಿಟ್ಟು ಬಾಡಗಿ ಮಾಸ್ಕ್ ಹಾಕ್ಕೊಂಡು ಇಳದಿದ್ದೆ, ನನ್ನ ಮೀಸಿ ಮ್ಯಾಲೆ ಅದರ ಸಿಲಿಕಾನ್ ಅಂಚು ಸರಿ ಕುಂದ್ರಲಿಲ್ಲ, ಎಂಟು ಮೀಟರ್ ಹೋಗೂದ್ರಾಗ ಉಪ್ಪುನೀರು ಜಿನುಗಿ ಮೂಗಿನ ತನಕ ಬಂತು. ಗಾಬರಿ ಆದ್ರ ಹಳೇ ರೂಢಿನ ಮುಂದ ಬರ್ತೈತಿ ನೋಡ್ರಿ, ಬಾವ್ಯಾಗ ಮಾಡಿಧಂಗ ಉಸಿರು ಬಿಗಿ ಹಿಡದು ಮ್ಯಾಲೆ ಜಿಗಿಯಾಕ ಹೊಂಟೆ. ಸ್ಕೂಬಾದಾಗ ಇದರಂಥ ಅಪಾಯ ಇನ್ನೊಂದಿಲ್ಲ. ಬಾವ್ಯಾಗ ನಾವು ಮ್ಯಾಲಿನ ಗಾಳಿ ಎಳಕೊಂಡು ಮುಣಗ್ತೀವಿ, ಇಲ್ಲಿ ಎಳಕೊಳ್ಳೂದು ಕೆಳಗಿನ ಒತ್ತಡದ ಗಾಳಿ. 10 ಮೀಟರ್ ಕೆಳಗ ಒತ್ತಡ ಎರಡು ಪಟ್ಟು, ಅಲ್ಲಿ ತುಂಬ್ಕೊಂಡ ಗಾಳಿ ಮ್ಯಾಲೆ ಬರ್ತಾ ಬರ್ತಾ ಎರಡು ಪಟ್ಟು ಹಿಗ್ತೈತಿ, ಹೊರಗ ಬಿಡಲಿಲ್ಲಾಂದ್ರ ಪುಪ್ಪಸಾನ ಹರೀತೈತಿ. ಇನ್‌ಸ್ಟ್ರಕ್ಟರ್ ನನ್ನ ಜಾಕೆಟ್ ಪಟ್ಟಿ ಗಟ್ಟಿ ಹಿಡದು, ಬಾಯಿ ಮುಂದ ಕೈ ಆಡಿಸಿ ಉಸಿರಾಡು ಉಸಿರಾಡು ಅಂತ ತೋರಿಸಿದ್ರು. ಅವರನ್ನ ಇವತ್ತಿಗೂ ನೆನಸ್ತೀನಿ.

ಆಮ್ಯಾಲೆ ಮಾಸ್ಕ್ ತಗೊಂಡೆ. ಬೆಲ್ಟ್ ಹಾಕದ ಮುಖಕ್ಕ ಹಚ್ಚಿ ಮೂಗಿಲೆ ಸ್ವಲ್ಪ ಉಸಿರು ಎಳಕೊಳ್ರಿ, ಕೈ ಬಿಟ್ರೂ ಹತ್ತಿಕೊಂಡ ನಿಂತ್ರ ಅದು ನಿಮ್ಮ ಅಳತಿದು. ಮೀಸಿ ಪೂರಾ ತಗಿಯೂದೇನ್ ಬ್ಯಾಡ, ಮೂಗಿನ ಕೆಳಗ ಒಂದು ಗೆರಿ ಅಷ್ಟು ಬೋಳಿಸಿದೆ, ಸಾಕಾತು. ಈಸೂ ಗಾಗಲ್ ನಡೆಂಗಿಲ್ರಿ, ಮೂಗು ಮಾಸ್ಕ್ ಒಳಗ ಇರಾಕಬೇಕು, ಕೆಳಗ ಹೋದಂಗ ಮೂಗಿಲೆ ಸ್ವಲ್ಪ ಗಾಳಿ ಬಿಟ್ರ ಅದು ಕಣ್ಣು ಹಿಂಡಂಗಿಲ್ಲ, ಕಿವಿ ಮ್ಯಾಲಿನ ಒತ್ತಡ ಸರಿ ಮಾಡಾಕ ಮೂಗು ಹಿಡದು ಮೆತ್ತಗ ಊದಾಕೂ ಬರ್ತೈತಿ. ಹೊಸಾ ಗಾಜಿನ ಮ್ಯಾಲೆ ಜಿಡ್ಡಿನಂಥ ಪೊರಿ ಇರ್ತೈತಿ, ಬಿಳಿ ಟೂತ್‌ಪೇಸ್ಟ್ ಹಚ್ಚಿ ಬಟ್ಟಲೆ ತಿಕ್ಕಿ ತೊಳದೆ, ಇಲ್ಲಾಂದ್ರ ಮಂಜು ಕಟ್ಟತೈತಿ. ನಂದು ಮೈನಸ್ ಮೂರೂವರೆ ನಂಬರ್, ಅದೇ ನಂಬರಿನ ರೆಡಿ ಗಾಜು ಹಾಕಿಸಿದೆ.

ಮುಂದಿನ ಡೈವಿಗೆ ಗಿಳಿಮೀನು ಕಲ್ಲು ಕೆರಕೋತ ತಿನ್ನೂದು ನಿಚ್ಚಳ ಕಂಡ್ತು, ಹಸರು ನೀಲಿ ಮೈ, ಹಕ್ಕಿ ಕೊಕ್ಕಿನಂಥ ಬಾಯಿ. ಅದಕ್ಕಿಂತ ಹೆಚ್ಚಿಂದು, ಸಿಲಿಂಡರಿನ ಗಾಳಿ ಎಷ್ಟು ಉಳದೈತಿ ತೋರಿಸೋ ಗೇಜಿನ ಮುಳ್ಳು 200 ಬಾರಿನಿಂದ (ಬಾರ್ ಅಂದ್ರ ಒತ್ತಡದ ಅಳತಿ) 70ಕ್ಕ ಇಳದಿದ್ದು ನಾನ ನೋಡಿ ಕೈ ಮಾಡಿ ತೋರಿಸಿದೆ, ಯಾಕಂದ್ರ 50 ಬಾರ್ ಉಳಿಯೂದ್ರಾಗ ಮ್ಯಾಲೆ ಬಂದಿರಬೇಕು.

ಡೈವ್ ಮುಗಿಸಿದ ದಿನ ಹುಬ್ಬಳ್ಳಿಗೆ ಗಾಡಿ ಹತ್ತಬ್ಯಾಡ್ರಿ. ನಮ್ಮೂರು 600 ಮೀಟರ್‌ಗಿಂತ ಎತ್ತರ ಐತಿ, ಮೈಯಾಗ ಕರಗಿದ ನೈಟ್ರೋಜನ್ ಹೊರಗ ಹೋಗೂದ್ರಾಗ ಅರಬೈಲ್ ಘಟ್ಟ ಹತ್ತೂದು ಬರೋಬ್ಬರಿ ಅಲ್ಲ, ಎತ್ತರದಾಗ ಗಾಳಿ ಒತ್ತಡ ಕಡಿಮಿ, ಅದು ಮೈಯಾಗ ಗುಳ್ಳಿ ಆಗಬಹುದು. ನಾನು ಒಂದ್ ರಾತ್ರಿ ಅಲ್ಲೇ ಲಾಡ್ಜ್‌ನ್ಯಾಗ ಉಳೀತೀನಿ, ಮಾಸ್ಕ್ ಸಿಹಿನೀರಾಗ ತೊಳದು ನೆರಳಿಗೆ ಹಾಕಿ ಮಲಕೋತೀನಿ.