ಲೆಕ್ಕ ತಾಳೆಯಾದರೂ ತೂಕ ತಪ್ಪಾಗಿತ್ತು: ಸೆಲ್ಫ್ ವೇಟ್ ಜೊತೆ ನನ್ನ ಅನುಭವ

ಕಟ್ಟಡದ ಲೆಕ್ಕ ಹಾಕುವ ಸಾಫ್ಟ್‌ವೇರ್‌ನಲ್ಲಿ ಮಾಡೆಲ್ ರನ್ ಆದ ಕೂಡಲೇ ನಾನು ತೆರೆಯುವುದು ಸಪೋರ್ಟ್ ರಿಯಾಕ್ಷನ್ ಟೇಬಲ್, ಅಂದರೆ ಆಧಾರಗಳ ಮೇಲೆ ಎಷ್ಟು ಭಾರ ಬಂತು ಅನ್ನುವ ಪಟ್ಟಿ. ಸೆಲ್ಫ್ ವೇಟ್ (ಕಟ್ಟಡದ ಸ್ವಂತ ತೂಕ) ಮಾತ್ರ ಇರುವ ಲೋಡ್ ಕೇಸಿನಲ್ಲಿ ಒಟ್ಟು ಎಷ್ಟು ಬಂತು, ಕೈಲೆಕ್ಕಕ್ಕೆ ಹೊಂದುತ್ತದಾ ಅಂತ ಮೊದಲು ನೋಡುತ್ತೇನೆ. ಈ ಅಭ್ಯಾಸ ಹತ್ತಿದ್ದು ಒಂದು ಪುಟ್ಟ ಟೆಸ್ಟ್ ಮಾಡೆಲ್‌ನಿಂದ.

ನಾಲ್ಕು ಕಾಲಂ, ನಾಲ್ಕು ಬೀಮ್, ಮೇಲೊಂದು ಸ್ಲ್ಯಾಬ್. ಸೆಂಟರ್‌ನಿಂದ ಸೆಂಟರ್‌ಗೆ 6 ಮೀಟರ್ ಮತ್ತು 5 ಮೀಟರ್. ಕಾಲಂ 400×400 ಮಿಲಿಮೀಟರ್, ಎತ್ತರ 3.5 ಮೀಟರ್. ಬೀಮ್ 300×500 ಮಿಲಿಮೀಟರ್. ಸ್ಲ್ಯಾಬ್ ದಪ್ಪ 150 ಮಿಲಿಮೀಟರ್. ಯಾವ ಕಾಂಕ್ರೀಟನ್ನೂ ಎರಡು ಸಲ ಎಣಿಸದೆ ಕೈಯಲ್ಲೇ ಲೆಕ್ಕ ಹಾಕಿದೆ. 9.32 ಘನ ಮೀಟರ್ ಬಂತು. ಕಂಬಿ ಸೇರಿ ಘನ ಮೀಟರಿಗೆ 25 ಕಿಲೋನ್ಯೂಟನ್ ಹಿಡಿದರೆ ಸುಮಾರು 233. ಸಾಫ್ಟ್‌ವೇರ್ ತೋರಿಸಿದ್ದು 236.5. ಒಂದೂವರೆ ಪರ್ಸೆಂಟ್ ವ್ಯತ್ಯಾಸ ಅಷ್ಟೇ. ಸರಿಯಿದೆ ಅಂತ ಫೈಲ್ ಮುಚ್ಚುವುದರಲ್ಲಿದ್ದೆ.

ಮುಚ್ಚುವ ಮುಂಚೆ ಸುಮ್ನೆ ಮೆಟೀರಿಯಲ್ ಕಿಟಕಿ ತೆರೆದೆ. ಅಲ್ಲಿ 25 ಇರಲಿಲ್ಲ, 23.56 ಇತ್ತು. ಘನ ಅಡಿಗೆ 150 ಪೌಂಡ್ ಅನ್ನುವ ಲೆಕ್ಕವನ್ನು ಮೀಟರಿಗೆ ಬದಲಿಸಿದರೆ ಬರುವ ಸಂಖ್ಯೆ ಅದು. ನಾನು ಕೊಟ್ಟದ್ದಲ್ಲ, ಮೊದಲೇ ತುಂಬಿದ್ದು. 25 ಮಾಡಿ ಮತ್ತೆ ರನ್ ಮಾಡಿದೆ. ಈಗ 251 ಬಂತು! ಕೈಲೆಕ್ಕಕ್ಕಿಂತ ಹೆಚ್ಚುಕಡಿಮೆ 8 ಪರ್ಸೆಂಟ್ ಜಾಸ್ತಿ. ಅಂದರೆ ಮೊದಲು ಎರಡು ತಪ್ಪುಗಳು ಒಂದನ್ನೊಂದು ಮುಚ್ಚಿಕೊಂಡಿದ್ದವು. ಒಂದನ್ನು ಸರಿಮಾಡಿದ್ದಕ್ಕೆ ಇನ್ನೊಂದು ಹೊರಬಿತ್ತು.

ಆ ಇನ್ನೊಂದು ತಪ್ಪು ಯಾವುದು? ನಾನು ಬಳಸುತ್ತಿದ್ದ ಸಾಫ್ಟ್‌ವೇರ್ ಬೀಮಿನ ಪೂರ್ತಿ ಅಡ್ಡಕೊಯ್ತದ ವಿಸ್ತೀರ್ಣವನ್ನು ನೋಡ್‌ನಿಂದ ನೋಡ್‌ವರೆಗಿನ (ಬೀಮ್, ಕಾಲಂಗಳ ಸೆಂಟರ್‌ಲೈನ್‌ಗಳು ಸೇರುವ ಬಿಂದುಗಳ ನಡುವಿನ) ಉದ್ದಕ್ಕೆ ಗುಣಿಸುತ್ತದೆ. ಸ್ಲ್ಯಾಬನ್ನೂ ಸೆಂಟರ್‌ಲೈನ್‌ವರೆಗೆ ಪೂರ್ತಿ ಎಣಿಸುತ್ತದೆ. ಬೀಮಿನ ಮೇಲಿನ 150 ಮಿಲಿಮೀಟರ್ ಸ್ಲ್ಯಾಬಿನೊಳಗೇ ಇದೆ ಅನ್ನುವುದು ಅದಕ್ಕೆ ಗೊತ್ತಿಲ್ಲ. ಬೀಮಿನ ತುದಿ ಕಾಲಂ ಒಳಗಿದೆ ಅನ್ನುವುದೂ ಗೊತ್ತಿಲ್ಲ. ಇದನ್ನು ಕಳೆಯುವ ಸಾಫ್ಟ್‌ವೇರ್‌ಗಳೂ ಇವೆ. ನಿಮ್ಮದು ಏನು ಮಾಡುತ್ತದೆ ಅಂತ ತಿಳಿಯಲು ಇಂಥದ್ದೊಂದು ಮಾಡೆಲ್ ಸಾಕು, ಹತ್ತು ನಿಮಿಷದ ಕೆಲಸ.

ಸರಿಮಾಡಲು ಬೀಮಿಗೆ ವೇಟ್ ಮಾಡಿಫೈಯರ್, ಅಂದರೆ ತೂಕವನ್ನು ಗುಣಿಸುವ ಸಂಖ್ಯೆ, ಕೊಟ್ಟೆ. 500ರಲ್ಲಿ 150 ಕಳೆದರೆ 350, ಹಾಗಾಗಿ 0.7. ರನ್ ಮಾಡಿದರೆ 226! ಈ ಸಲ ಕಡಿಮೆ. ಯಾಕೆ ಅಂತ ಹಾಳೆಯ ಮೇಲೆ ಬೀಮಿನ ಅಡ್ಡಕೊಯ್ತ ಬರೆದು ನೋಡಿದಾಗಲೇ ಹೊಳೆದದ್ದು. ನಾಲ್ಕೂ ಅಂಚಿನ ಬೀಮ್‌ಗಳು. ಮಾಡೆಲ್‌ನಲ್ಲಿ ಸ್ಲ್ಯಾಬ್ ಬೀಮಿನ ಅರ್ಧ ಅಗಲಕ್ಕೇ ನಿಲ್ಲುತ್ತದೆ, ಆದ್ದರಿಂದ ಎರಡು ಸಲ ಎಣಿಕೆಯಾಗುವುದೂ ಅರ್ಧವೇ. ಅಂಚಿಗೆ 0.85 ಕೊಡಬೇಕು. ಎರಡೂ ಕಡೆ ಸ್ಲ್ಯಾಬ್ ಇರುವ ಒಳಗಿನ ಬೀಮಿಗೆ ಮಾತ್ರ 0.7. ಹಾಗೆ ಮಾಡಿದ ಮೇಲೆ 238.6 ಬಂತು. ಉಳಿದ ಸುಮಾರು 6 ಕಿಲೋನ್ಯೂಟನ್‌ನಲ್ಲಿ ಹೆಚ್ಚಿನದು ಕಾಲಂ ಒಳಗೆ ಸೇರಿದ ಬೀಮ್ ತುದಿಗಳದ್ದು. ಅದನ್ನು ಹಾಗೇ ಬಿಟ್ಟೆ. ಒಂದು ಮಾತು: ಮಾಸ್‌ಗೆ (ದ್ರವ್ಯರಾಶಿಗೆ) ಬೇರೆ ಮಾಡಿಫೈಯರ್ ಇದ್ದರೆ ಅದನ್ನೂ ಬದಲಿಸಿ, ಇಲ್ಲದಿದ್ದರೆ ಭೂಕಂಪದ ಲೆಕ್ಕದಲ್ಲಿ ಹಳೇ ತೂಕವೇ ಉಳಿಯುತ್ತದೆ.

ತೂಕ ಜಾಸ್ತಿ ಬಂದರೆ ಸೇಫ್ ಅಲ್ವಾ ಅಂತ ತುಂಬಾ ಜನ ಕೇಳುತ್ತಾರೆ. ಬೀಮಿನ ಕಂಬಿ ಲೆಕ್ಕಕ್ಕೆ ಹೌದು. ಆದರೆ ಗಾಳಿ ಕಟ್ಟಡವನ್ನು ಎತ್ತುವಾಗ, ಉರುಳಿಸಲು ನೋಡುವಾಗ ಹಿಡಿದಿಡುವುದು ಸ್ವಂತ ತೂಕವೇ. ಅಲ್ಲಿ ಇಲ್ಲದ 8 ಪರ್ಸೆಂಟನ್ನು ನಂಬಿ ಪಾಯ ಮಾಡುವುದು ನಿಜಕ್ಕೂ ಅಪಾಯ.

ಸ್ಟೀಲಿನಲ್ಲಿ ಕಥೆ ಉಲ್ಟಾ. ಪ್ಲೇಟು, ಬೋಲ್ಟು, ವೆಲ್ಡು ಮಾಡೆಲ್‌ನಲ್ಲಿ ಇರುವುದೇ ಇಲ್ಲ. ಅದಕ್ಕೇ ಸೆಲ್ಫ್ ವೇಟನ್ನು 1.1ರಿಂದ ಗುಣಿಸಿ ಶುರುಮಾಡುತ್ತೇನೆ, ಕನೆಕ್ಷನ್ ಡ್ರಾಯಿಂಗ್ ಬಂದ ಮೇಲೆ ತಿದ್ದುತ್ತೇನೆ. ಎರಡು ಲೋಡ್ ಕೇಸಿನಲ್ಲಿ ಸೆಲ್ಫ್ ವೇಟ್ ಇದೆಯಾ, ತೂಕ ಕೆಳಮುಖ ಅಂತ ತೋರಿಸುವ ಮೈನಸ್ ಚಿಹ್ನೆ ಬಿಟ್ಟುಹೋಗಿದೆಯಾ ಅನ್ನುವುದು ರಿಯಾಕ್ಷನ್ ನೋಡಿದ ತಕ್ಷಣ ಗೊತ್ತಾಗುತ್ತದೆ.

ಗೊತ್ತಾಗದೆ ಉಳಿಯುವುದು ರಿಜಿಡ್ ಲಿಂಕ್, ಅಂದರೆ ಎರಡು ಬಿಂದುಗಳನ್ನು ಬಿಗಿಯಾಗಿ ಜೋಡಿಸಲು ಮಾಡೆಲ್‌ನಲ್ಲಷ್ಟೇ ಹಾಕುವ ಕೊಂಡಿ. ಸೆಂಟರ್ ತಪ್ಪಿದ ಬೀಮ್‌ಗಳನ್ನು ಜೋಡಿಸಲು ಒಮ್ಮೆ ಅರ್ಧ ಮೀಟರ್ ಉದ್ದದ ಡಮ್ಮಿ ಮೆಂಬರ್ ಹಾಕಿದ್ದೆ. ಗಟ್ಟಿಯಾಗಿರಲಿ ಅಂತ 1 ಮೀಟರ್ × 1 ಮೀಟರ್ ಸೆಕ್ಷನ್, ಮೆಟೀರಿಯಲ್ ಅದೇ ಕಾಂಕ್ರೀಟ್. ಒಂದೊಂದು 12.5 ಕಿಲೋನ್ಯೂಟನ್. ಅಂಥವು ಇಪ್ಪತ್ತಿದ್ದವು, ಒಟ್ಟು 250. ಟೆಸ್ಟ್ ಮಾಡೆಲ್‌ನ ಇಡೀ ಕಟ್ಟಡದಷ್ಟು ತೂಕ, ಸೈಟಿನಲ್ಲಿ ಇರದೇ ಇರುವ ಕಾಂಕ್ರೀಟಿನಿಂದ. ಈಗ ಡಮ್ಮಿಗಳಿಗೆಂದೇ ಡೆನ್ಸಿಟಿ ಸೊನ್ನೆ ಇರುವ ಬೇರೆ ಮೆಟೀರಿಯಲ್ ಇಟ್ಟುಕೊಂಡಿದ್ದೇನೆ.